ಅವ್ವ ಕೇಳಿದ ಪ್ರಶ್ನೆ: ನೀರು ಎಲ್ಲಿಂದ ಬರ್ತಿತ್ತು?

1/11
ಮೊದಲೇ ಹೇಳಿಬಿಡ್ತೀನಿ, ಈ ಸರಣಿಯಲ್ಲಿ ಗೋಲಗುಮ್ಮಟದ ಫೋಟೊ ಒಂದೂ ಇಲ್ಲ. ವಿಜಯಪುರದ ಹುಡುಗಿ, ಇತಿಹಾಸದ ಪೋಸ್ಟ್, ಗುಮ್ಮಟ ಇಲ್ಲ ಅಂದ್ರ ಹ್ಯಾಂಗ ಅಂತ ಬೈಯೋರು ಕಾಮೆಂಟಿನಲ್ಲಿ ಬೈರಿ.

ಕ್ಲಾಸಿನವರಿಗೆ ಗೊತ್ತೇ ಇದೆ. ದಸರಾ ರಜೆಗೆ ನಮಗೆ ಕೊಟ್ಟ ಪ್ರಾಜೆಕ್ಟ್ "ನಮ್ಮ ಜಿಲ್ಲೆಯ ಐತಿಹಾಸಿಕ ಸ್ಥಳಗಳು". ಅರ್ಧ ಕ್ಲಾಸು ಗುಮ್ಮಟದ ಮುಂದೆ ನಿಂತು ಸೆಲ್ಫಿ ಹೊಡ್ಕೊಂಡು ಒಂದೇ ದಿನಕ್ಕೆ ಮುಗಿಸಿದೆ. ಯಾರ್ಯಾರು ಅಂತ ಹೇಳಲ್ಲ, ನಿಮ್ಮ ಸ್ಟೋರಿ ಎಲ್ಲಾ ನೋಡೀನಿ. ನನ್ನ ಪ್ಲ್ಯಾನೂ ಅದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅವ್ವ ಅದನ್ನ ಕೆಡಿಸಿದ್ಲು. ಶೀಗಿ ಹುಣ್ಣಿಮೆ ಹತ್ರ ಬಂದಿತ್ತು. ಅವಳಿಗೆ ತಿಕೋಟಾದಲ್ಲಿರೋ ದೊಡ್ಡವ್ವನ ಮನೆಗೆ ಹೋಗಬೇಕಿತ್ತು, ಅಲ್ಲಿಂದ ಬಬಲೇಶ್ವರ ದಾಟಿ ಮಮದಾಪುರದ ಕಡೆ ಇರುವ ತನ್ನ ತವರೂರಿಗೆ. "ನೀನೂ ಬಾ. ದಾರ್ಯಾಗ ನಿನಗ ಬೇಕಾದ್ದೆಲ್ಲಾ ತೋರಿಸ್ಕೋತ ಹೋಗೂಣು" ಅಂದ್ಲು. ನನಗೆ ಒಳಗೊಳಗೇ ನಗು. ಇತಿಹಾಸ ಓದೋಳು ನಾನು, ತೋರಿಸೋಳು ಇವಳಾ ಅಂತ.

ಸ್ಕೂಟಿ ಹೊಡೆಯೋದು ಅವ್ವ, ಹಿಂದೆ ಕೂಡೋದು ನಾನು. ನಲವತ್ತು ದಾಟಿದ ಮೇಲೆ ಕಲಿತದ್ದು, ಆದ್ರೂ ಬ್ರೇಕು ಹಾಕೋದರಲ್ಲಿ ನನಗಿಂತ ಪಾಡ. ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು. ಮುಂಜಾನೆ ಏಳಕ್ಕೆ ಮನೆ ಬಿಟ್ವಿ.

(ಫೋಟೊ 1: ಸ್ಕೂಟಿಯ ಕನ್ನಡಿಯಲ್ಲಿ ಅವ್ವನ ಅರ್ಧ ಮುಖ. ಪೂರ್ತಿ ಹಾಕಬ್ಯಾಡ ಅಂದಾಳ.)

2/11
ಮೊದಲ ನಿಲುಗಡೆ ತಾಜ್ ಬಾವಡಿ. ಊರಿನ ಪಶ್ಚಿಮದ ಕಡೆ, ಕೋಟೆಗೋಡೆಯ ಒಳಗೇ ಇದೆ. ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಹೊತ್ತಿಗೆ ಕಟ್ಟಿದ್ದು, ಕಟ್ಟಿಸಿದವನು ಮಲಿಕ್ ಸಂದಲ್ ಅಂತ ಹೇಳ್ತಾರೆ. ಈ ಹೆಸರು ನೆನಪಿಟ್ಕೊಳ್ರಿ, ಮತ್ತೆ ಬರುತ್ತೆ.

ಬಾವಡಿ ಅಂದ್ರೆ ಬಾವಿ ಅಂತ ತಿಳ್ಕೊಂಡು ಹೋದ್ರೆ ಬೆಚ್ಚಿ ಬೀಳ್ತೀರಿ. ಒಂದೊಂದು ಬದಿ ಸುಮಾರು 220 ಅಡಿ, ಆಳ 50 ಅಡಿಯಷ್ಟು. ಬಾಗಿಲಿಗೆ ದೊಡ್ಡ ಕಮಾನು, ಅದರ ಆಕಡೆ ಈಕಡೆ ಎಂಟು ಮೂಲೆಯ ಎರಡು ಗೋಪುರ. ಮೆಟ್ಟಿಲಿಳಿದು ನೀರಿನ ಹತ್ರ ಹೋಗಬೇಕು. ಎಡಕ್ಕೂ ಬಲಕ್ಕೂ ದಾರಿಹೋಕರು ತಂಗೋ ಕೋಣೆಗಳು. ಹೊರಗಿನಿಂದ ಬಂದ ವ್ಯಾಪಾರಿ, ಸಿಪಾಯಿ, ಫಕೀರ ಯಾರೇ ಆಗಲಿ, ಊರಿಗೆ ಬಂದವನು ಮೊದಲು ನೋಡ್ತಿದ್ದದ್ದು ಅರಮನೆ ಅಲ್ಲ, ಕುಡಿಯೋ ನೀರು.

ಮಧ್ಯೆ ಒಂದಷ್ಟು ವರ್ಷ ಈ ಬಾವಡಿ ಕಸದ ಗುಂಡಿಯಾಗಿತ್ತು. ಕೆಲ ವರ್ಷಗಳ ಹಿಂದೆ ಹೂಳು ತೆಗೆದು ಸ್ವಚ್ಛ ಮಾಡಿದ್ರು. ನಾನು ಸಣ್ಣಾಕಿ ಇದ್ದಾಗ ಇದರ ಪಕ್ಕ ಹಾದು ಹೋಗುವಾಗ ಮೂಗು ಮುಚ್ಕೊಂಡಿದ್ದು ನೆನಪಿದೆ.

ಅವ್ವ ಕಮಾನಿನ ಫೋಟೊ ತಗೊಳ್ಳಲಿಲ್ಲ. ಬಗ್ಗಿ ನೀರನ್ನೇ ನೋಡ್ತಾ ನಿಂತ್ಲು. "ಇಷ್ಟು ದೊಡ್ಡ ಬಾವ್ಯಾಗ ನೀರ ಎಲ್ಲಿಂದ ಬರ್ತಿತ್ತ?"

ಭೂಮಿಯಿಂದ ಬೇ, ಬಾವಿ ಅಂದ್ಮೇಲೆ ಅಂದೆ. ಅವಳು ನನ್ನ ಮುಖ ನೋಡಿದ್ಲು ಅಷ್ಟೆ.

3/11
ದಾರಿಯಲ್ಲಿ ಮಲಿಕ್-ಎ-ಮೈದಾನ್ ತೋಪು. 55 ಟನ್, 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, 1854ರಲ್ಲಿ ಬ್ರಿಟಿಷರು ಅದನ್ನ 150 ರೂಪಾಯಿಗೆ ಹರಾಜು ಹಾಕೋಕೆ ಹೊರಟಿದ್ರು, ಆಮೇಲೆ ಬೇಡ ಅಂತ ಕೈಬಿಟ್ರು. ಇದನ್ನ ಎಲ್ಲರೂ ರೀಲ್ ಮಾಡ್ಯಾರ, ನಾನು ಮಾಡಲ್ಲ.

ಇಬ್ರಾಹಿಂ ರೋಜಾ ಮಾತ್ರ ಬಿಡೋಕಾಗಲ್ಲ. ಅವ್ವ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಇದರ ಗೋಡೆ ಪಕ್ಕದಲ್ಲೇ ಸಾವಿರ ಸಲ ಓಡಾಡಿದ್ದಾಳೆ, ಒಳಗೆ ಕಾಲಿಟ್ಟದ್ದು ಇದೇ ಮೊದಲು. "ಟಿಕೀಟ ತಗೊಂಡ ಗೋರಿ ಯಾಕ ನೋಡ್ಬೇಕ" ಅಂತಿದ್ಲು.

ಒಂದೇ ಎತ್ತರದ ಕಟ್ಟೆ, ಅದರ ಮೇಲೆ ಎದುರುಬದುರು ಎರಡು ಕಟ್ಟಡ. ಒಂದು ಗೋರಿ, ಒಂದು ಮಸೀದಿ. ಮೊದಲು ರಾಣಿ ತಾಜ್ ಸುಲ್ತಾನಾಗೆ ಅಂತ ಶುರುವಾದದ್ದು, ಕೊನೆಗೆ 1627ರಲ್ಲಿ ತೀರಿಹೋದ ಇಬ್ರಾಹಿಂ, ಅವನ ಮನೆಯವರು ಎಲ್ಲ ಅಲ್ಲೇ ಮಲಗಿದ್ದಾರೆ. ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕೊರೆದು ಜಾಲರಿ ಮಾಡಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತೆ. ಇದನ್ನ "ದಕ್ಷಿಣದ ತಾಜ್ ಮಹಲ್" ಅನ್ನೋರಿಗೆ ಒಂದು ಮಾತು: ಆಗ್ರಾದ ತಾಜ್ ಮಹಲಿನ ಕೆಲಸ ಶುರುವಾಗೋ ಮೊದಲೇ ಇದು ಎದ್ದು ನಿಂತಿತ್ತು. ದೊಡ್ಡಕ್ಕನಿಗೆ ತಂಗಿಯ ಹೆಸರು ಇಟ್ಟಂಗಾಯ್ತು.

ಗೋರಿಯ ಮೇಲಿನ ಬರಹದಲ್ಲಿ ಒಬ್ಬನ ಹೆಸರಿದೆ, ಮಲಿಕ್ ಸಂದಲ್. ತಾಜ್ ಬಾವಡಿಯ ಜೊತೆ ಹೇಳೋ ಅದೇ ಹೆಸರು. ರಾಣಿಗೆ ಗೋರಿ, ರಾಣಿಯ ಹೆಸರಿನಲ್ಲಿ ನೀರು, ಎರಡಕ್ಕೂ ಒಬ್ಬನೇ. ನನಗೆ ಇದು ಬಹಳ ಹಿಡಿಸ್ತು, ಅವ್ವನಿಗೆ ಹೇಳೋಣ ಅಂತ ತಿರುಗಿದ್ರೆ ಅವಳು ಅಲ್ಲಿರಲಿಲ್ಲ.

ಎರಡು ಕಟ್ಟಡಗಳ ನಡುವೆ ಒಂದು ಕೊಳ ಇದೆಯಲ್ಲ, ಕಾರಂಜಿ ಇದ್ದದ್ದು, ಅದರ ದಂಡೆಯಲ್ಲಿ ಕೂತಿದ್ಲು. "ಇಷ್ಟು ಎತ್ತರದ ಕಟ್ಟಿ ಮ್ಯಾಲ ನೀರ ಹ್ಯಾಂಗ ಏರಸ್ತಿದ್ರ? ಅಲ್ಲಾ, ಮೊದಲ ಇಲ್ಲಿಗಿ ಎಲ್ಲಿಂದ ಬರ್ತಿತ್ತ?"

ಈ ಸಲ ನಾನು ಗೂಗಲ್ ತೆಗೆದೆ.

(ಫೋಟೊ 3: ಕೊಳ. ಅವ್ವನ ಚಪ್ಪಲಿ ಕಾಣ್ತಾವ, ಕ್ರಾಪ್ ಮಾಡಿಲ್ಲ.)

4/11
ಇದು ಸ್ವಲ್ಪ ಉದ್ದ ಅದ. ಸೇವ್ ಮಾಡ್ಕೊಂಡು ಆಮೇಲೆ ಓದಿದ್ರೂ ಪರವಾಗಿಲ್ಲ.

ನಮ್ಮ ಜಿಲ್ಲೆಯನ್ನ ಐದು ನದಿಗಳ ನಾಡು ಅಂತ ಭಾಷಣದಲ್ಲಿ ಹೇಳ್ತಾರೆ. ಆದ್ರೆ ವಿಜಯಪುರ ಪಟ್ಟಣದ ಪಕ್ಕದಲ್ಲಿ ಯಾವ ದೊಡ್ಡ ನದಿಯೂ ಹರಿಯಲ್ಲ. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನ ಆಸುಪಾಸು. ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಬಂಡೆಯ ಬಿರುಕಿನಲ್ಲಿ ನೀರಿದ್ರೆ ಬಾವಿಗೆ ಬಂತು, ಇಲ್ಲಾಂದ್ರೆ ಇಲ್ಲ. ಇಂಥ ಜಾಗದಲ್ಲಿ ಆನೆ, ಕುದುರೆ, ಸೈನ್ಯ, ಬಜಾರು ಎಲ್ಲ ಇರೋ ರಾಜಧಾನಿ ಕಟ್ಟಿದ್ರು. ಕಟ್ಟಿದ ಮೇಲೆ ನೀರು ಹುಡುಕಿದ್ರು ಅಂದ್ರೂ ನಡೆಯುತ್ತೆ.

1565ರ ಜನವರಿಯಲ್ಲಿ ವಿಜಯನಗರದ ಜೊತೆ ಯುದ್ಧ ಆಯ್ತು, ಪುಸ್ತಕದಲ್ಲಿ ತಾಳಿಕೋಟೆ ಅಂತ ಓದೀವಿ. ಆಗ ಇಲ್ಲಿ ಆಳ್ತಿದ್ದವನು ಮೊದಲನೇ ಅಲಿ ಆದಿಲ್ ಶಾಹಿ, 1558ರಿಂದ 1580ರವರೆಗೆ. ಯುದ್ಧದಲ್ಲಿ ಬಂದ ದುಡ್ಡಿನಿಂದ ಕೋಟೆಗೋಡೆ ಕಟ್ಟಿಸಿದ, ಜುಮ್ಮಾ ಮಸೀದಿ ಶುರು ಮಾಡಿದ ಅಂತ ಎಲ್ಲರೂ ಬರೀತಾರೆ. ಒಂದು ಸಾಲಿನಲ್ಲಿ ಮುಗಿಸೋ ಇನ್ನೊಂದು ಕೆಲಸ ಅಂದ್ರೆ, ಪಶ್ಚಿಮಕ್ಕಿರೋ ತೊರವಿಯಿಂದ ನೆಲದ ಒಳಗೇ ಸುರಂಗ ತೋಡಿಸಿ ಊರಿಗೆ ನೀರು ತಂದದ್ದು. ಪರ್ಷಿಯಾದಲ್ಲಿ ಇದಕ್ಕೆ ಕರೇಜ್ ಅಂತಾರೆ. ನಮ್ಮ ಪಕ್ಕದ ಬೀದರದಲ್ಲೂ ಇದೆ.

ಹೇಗೆ ಕೆಲಸ ಮಾಡ್ತಿತ್ತು ಅಂದ್ರೆ: ತೊರವಿಯ ನೆಲ ಊರಿಗಿಂತ ಎತ್ತರ. ಅಲ್ಲಿ ಅಂತರ್ಜಲ ಸಿಗೋ ಮಟ್ಟದಿಂದ ಸುರಂಗ ಶುರು ಮಾಡ್ತಾರೆ. ನೆಲ ಇಳೀತಾ ಹೋಗುತ್ತೆ, ಸುರಂಗವೂ ಇಳೀತಾ ಹೋಗುತ್ತೆ, ಆದ್ರೆ ನೆಲಕ್ಕಿಂತ ಮೆಲ್ಲಗೆ. ಇಳಿಜಾರು ಜಾಸ್ತಿ ಆದ್ರೆ ನೀರು ಗೋಡೆ ಕೊರೆಯುತ್ತೆ, ಕಡಿಮೆ ಆದ್ರೆ ನಿಂತು ಹೂಳಾಗುತ್ತೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿ ಬಿಡ್ತಾರೆ, ಒಳಗೆ ಕೆಲಸ ಮಾಡೋರಿಗೆ ಗಾಳಿ ಬೇಕು, ತೆಗೆದ ಮಣ್ಣು ಮೇಲೆ ಬರಬೇಕು, ಮುಂದೆ ವರ್ಷ ವರ್ಷ ಹೂಳು ತೆಗೀಬೇಕು. ಪಂಪಿಲ್ಲ, ಕರೆಂಟಿಲ್ಲ. ಬಿಸಿಲಿಗೆ ನೀರು ಆರಿಹೋಗೋದೂ ಇಲ್ಲ, ಯಾಕಂದ್ರೆ ಅದು ಬಿಸಿಲನ್ನೇ ನೋಡಲ್ಲ.

ಇಷ್ಟನ್ನ ಓದಿ ಹೇಳಿದೆ. ಅವ್ವ ಅಂದದ್ದು ಒಂದೇ: "ಆ ಹೂಳ ತಗ್ಯಾವ್ರ ಯಾರಿದ್ರೋ."

5/11
ಸುರಂಗದ ಕಥೆ ಅಲ್ಲಿಗೇ ಮುಗಿಯಲ್ಲ. ಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾಹಿ (1627ರಿಂದ 1656) ಕಾಲಕ್ಕೆ ಊರು ಇನ್ನೂ ದೊಡ್ಡದಾಗಿತ್ತು, ತೊರವಿ ನೀರು ಸಾಲಲಿಲ್ಲ. 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿದ್ರು, 234 ಎಕರೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು. ಸುಟ್ಟ ಮಣ್ಣಿನ ಕೊಳವೆ ತುಂಡುಗಳನ್ನ ಒಂದಕ್ಕೊಂದು ಸೇರಿಸಿ, ಸುತ್ತ ಗಾರೆ ಕಟ್ಟಿ, ನೆಲದಲ್ಲಿ 15ರಿಂದ 50 ಅಡಿ ಆಳಕ್ಕೆ ಹೂಳ್ತಿದ್ರು.

ಮಣ್ಣಿನ ಪೈಪಿಗೆ ನೀರಿನ ಒತ್ತಡ ತಡೆಯಲ್ಲ, ಒಡೆಯುತ್ತೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿದ್ರು, 25ರಿಂದ 40 ಅಡಿ ಎತ್ತರ. ಇವೇ ಗಂಜ್. ನೀರು ಗಂಜಿನಲ್ಲಿ ಮೇಲೇರಿ ಒತ್ತಡ ಕಳ್ಕೊಂಡು, ಕಸರು ತಳದಲ್ಲಿ ಬಿಟ್ಟು, ತಿಳಿಯಾಗಿ ಮುಂದೆ ಹೋಗ್ತಿತ್ತು. ನಮ್ಮೂರಿನ ಓಣಿಗಳಲ್ಲಿ ಕಿಟಕಿ ಬಾಗಿಲು ಏನೂ ಇಲ್ಲದ ಚೌಕ ಗೋಪುರ ನಿಂತಿರ್ತಾವಲ್ಲ, ಯಾರೋ ಅರ್ಧಕ್ಕೆ ಬಿಟ್ಟ ಮನೆ ಅಂತ ನಾನು ಸಣ್ಣಂದಿನಿಂದ ತಿಳ್ಕೊಂಡಿದ್ದೆ. ಅವು ಅದೇ. ಒಂದಕ್ಕೆ ಕೇಬಲ್ ವೈರು ಕಟ್ಟಿದ್ದಾರೆ, ಇನ್ನೊಂದರ ಮೇಲೆ ಪಾರಿವಾಳ.

ಈ ಬೇಗಂ ತಲಾಬಿನ ನೀರು ತಂದ ಸರದಾರ ಯಾರು ಗೊತ್ತಾ? ಅಫ್ಜಲ್ ಖಾನ್. ಹೌದು, ಅದೇ ಅಫ್ಜಲ್ ಖಾನ್. 1659ರ ನವೆಂಬರ್ 10ಕ್ಕೆ ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಸತ್ತವನು. ಎಂಟು ವರ್ಷ ಮೊದಲು ಅವನು ಊರಿಗೆ ಪೈಪ್‌ಲೈನ್ ಹಾಕಿಸ್ತಿದ್ದ. ಇದು ನಮ್ಮ ಪಾಠದಲ್ಲಿ ಇರಲಿಲ್ಲ. ಇದ್ದಿದ್ರೆ ಅವನು ಒಳ್ಳೆಯವನಾಗ್ತಿದ್ದ ಅಂತಲ್ಲ. ಆದ್ರೆ ಒಬ್ಬ ಮನುಷ್ಯನ ಬಗ್ಗೆ ಎರಡನೇ ಸಂಗತಿಯೂ ಗೊತ್ತಿರಬೇಕಲ್ಲ.

6/11
ಅಫ್ಜಲ್ ಖಾನ್ ಹೆಸರು ಬಂದ ಮೇಲೆ ಸಾಠ್ ಕಬರ್ ಬಿಟ್ಟು ಹೋಗೋದು ಹೆಂಗೆ, ನಾವು ಹೊರಟ ದಿಕ್ಕಿನಲ್ಲೇ ಅದು ಇದೆ. ಹೊಲದ ನಡುವೆ ಒಂದು ಕಟ್ಟೆ, ಅದರ ಮೇಲೆ ಒಂದೇ ಥರದ ಅರವತ್ತರಷ್ಟು ಗೋರಿ, ಸಾಲುಸಾಲಾಗಿ. ಶಿವಾಜಿ ಮೇಲೆ ಯುದ್ಧಕ್ಕೆ ಹೋಗೋ ಮೊದಲು ಜ್ಯೋತಿಷಿ "ನೀ ವಾಪಸ್ ಬರಲ್ಲ" ಅಂದನಂತೆ, ತಾನು ಸತ್ತ ಮೇಲೆ ಹೆಂಡಂದಿರು ಬೇರೆಯವರ ಪಾಲಾಗಬಾರದು ಅಂತ ಎಲ್ಲರನ್ನೂ ಕೊಂದನಂತೆ, ಬಾವಿಗೆ ನೂಕಿದನಂತೆ. ಅಂತೆ, ಅಂತೆ, ಅಂತೆ. ಊರಿನವರು ಹೇಳಿಕೊಂಡು ಬಂದ ಕಥೆ ಇದು. ಆ ಕಾಲದಲ್ಲೇ ಬರೆದಿಟ್ಟ ದಾಖಲೆ ತೋರಿಸಿ ಯಾರೂ ಹೇಳಿದ್ದನ್ನ ನಾನು ಓದಿಲ್ಲ. ಗೋರಿಗಳು ಮಾತ್ರ ನಿಜ. ಒಂದರ ಮೇಲೂ ಹೆಸರಿಲ್ಲದ್ದೂ ನಿಜ.

ರೀಲ್‌ಗಳಲ್ಲಿ ಇದಕ್ಕೆ ಭೂತದ ಮ್ಯೂಸಿಕ್ ಹಾಕ್ತಾರೆ. ದಯವಿಟ್ಟು ಹಾಕಬ್ಯಾಡ್ರಿ.

ಅವ್ವ ಗೋರಿಗಳನ್ನ ಎಣಿಸಲಿಲ್ಲ. ಬಾವಿ ಕಡೆ ಹೋಗಲಿಲ್ಲ. ಸೆರಗು ತಲೆ ಮೇಲೆ ಎಳ್ಕೊಂಡು ಒಂದು ನಿಮಿಷ ನಿಂತು, "ನಡಿ" ಅಂದ್ಲು.

7/11
ತೊರವಿ. ಅಥಣಿ ರಸ್ತೆಯ ಮೇಲೇ ಬರುತ್ತೆ, ಮಹಿಳಾ ವಿಶ್ವವಿದ್ಯಾಲಯ ಇರೋದೂ ಇಲ್ಲೇ, ನಮ್ಮ ಕ್ಲಾಸಿನ ಅರ್ಧ ಹುಡುಗಿಯರು ಮುಂದೆ ಬರೋದು ಇಲ್ಲಿಗೇ. ಕನ್ನಡದಲ್ಲಿ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರು. ತೊರವೆ ರಾಮಾಯಣ ಅಂತ ಪುಸ್ತಕಕ್ಕೇ ಊರಿನ ಹೆಸರು ಬಂತು.

ಇದೇ ತೊರವಿಯ ಪಕ್ಕ 1599ರಲ್ಲಿ ಎರಡನೇ ಇಬ್ರಾಹಿಂ ಹೊಸ ಊರು ಕಟ್ಟೋಕೆ ಹೊರಟ, ನವರಸಪುರ. ಅವನಿಗೆ ಸಂಗೀತದ ಹುಚ್ಚು. ಕಿತಾಬ್-ಎ-ನವರಸ್ ಅಂತ ದಖನಿಯಲ್ಲಿ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಜನ ಅವನನ್ನ ಜಗದ್ಗುರು ಬಾದಶಾಹ ಅಂತ ಕರೆದ್ರು. ಊರು ಪೂರ್ತಿ ಆಗೋ ಮೊದಲೇ 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್ ಬಂದು ಹಾಳು ಮಾಡಿ ಹೋದ. ಈಗ ಉಳಿದಿರೋದು ಸಂಗೀತ ಮಹಲಿನ ಎತ್ತರದ ಕಮಾನು, ಮತ್ತೆ ಒಂದಷ್ಟು ಗೋಡೆ. ನಾವು ಹೋದಾಗ ಕಮಾನಿನ ನೆರಳಲ್ಲಿ ಇಬ್ಬರು ಹುಡುಗರು ಕುರಿ ಬಿಟ್ಕೊಂಡು ಮೊಬೈಲಲ್ಲಿ ಹಾಡು ಹಾಕಿದ್ರು. ಇಬ್ರಾಹಿಂ ಬೇಜಾರು ಮಾಡ್ಕೋತಿರಲಿಲ್ಲ ಅನ್ಸುತ್ತೆ.

ನನ್ನ ತಲೆಯಲ್ಲಿ ತಿರುಗ್ತಿದ್ದದ್ದು ಬೇರೆ. 1686ರ ಸೆಪ್ಟೆಂಬರಿನಲ್ಲಿ, ವರ್ಷಕ್ಕೂ ಮೇಲೆ ಮುತ್ತಿಗೆ ಹಾಕಿದ ಔರಂಗಜೇಬನಿಗೆ ವಿಜಯಪುರ ಶರಣಾಯ್ತು. ಕೊನೆಯ ಸುಲ್ತಾನ ಸಿಕಂದರ್ ಸೆರೆಯಾದ. ಗುಮ್ಮಟ ಏನೂ ಆಗದೆ ನಿಂತಿತು, ಅದಕ್ಕೆ ಯಾರೂ ದಿನಾ ಏನೂ ಮಾಡಬೇಕಾಗಿರಲಿಲ್ಲ. ಸುರಂಗ ಹಂಗಲ್ಲ. ಹೂಳು ತೆಗೆಸೋ ದರಬಾರು ಹೋಯ್ತು, ಸಂಬಳ ಹೋಯ್ತು, ಜನ ಊರು ಬಿಟ್ರು. ಕಲ್ಲಿನ ಕಟ್ಟಡ ಮರೆತರೂ ನೂರಾರು ವರ್ಷ ಇರುತ್ತೆ, ನೀರಿನ ಕೆಲಸ ನಾಲ್ಕು ಮಳೆಗಾಲ ಮರೆತರೆ ಮುಗೀತು. ಅದಕ್ಕೇ ನಮಗೆ ಗುಮ್ಮಟ ಕಟ್ಟಿಸಿದವನು ಗೊತ್ತು, ಸುರಂಗದೊಳಗೆ ಬಗ್ಗಿ ಮಣ್ಣು ಹೊತ್ತವನ ಹೆಸರು ಗೊತ್ತಿಲ್ಲ. ಅವ್ವನ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇನ್ನೂ ಇಲ್ಲ.

8/11
ತಿಕೋಟಾ, ಊರಿನಿಂದ ಸುಮಾರು 20 ಕಿಲೋಮೀಟರ್. ಇತ್ತೀಚೆಗೆ ತಾಲೂಕು ಆಯ್ತು, ಬಬಲೇಶ್ವರವೂ ಅಷ್ಟೆ. ಇಲ್ಲಿ ಸ್ಮಾರಕದ ಫೋಟೊ ಹಾಕ್ತೀನಿ ಅಂತ ಕಾಯಬ್ಯಾಡ್ರಿ, ದ್ರಾಕ್ಷಿ ಬಳ್ಳಿಯ ಫೋಟೊ ಹಾಕೀನಿ.

ಅಕ್ಟೋಬರ್ ಅಂದ್ರೆ ಇಲ್ಲಿ ಚಾಟ್ನಿ ಟೈಮು. ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸ್ತಾರೆ, ಏಪ್ರಿಲಿನಲ್ಲಿ ಒಮ್ಮೆ ಕಡ್ಡಿ ಬೆಳೆಯೋಕೆ, ಅಕ್ಟೋಬರಿನಲ್ಲಿ ಒಮ್ಮೆ ಹಣ್ಣಿಗೆ. ದೊಡ್ಡವ್ವನ ಹೊಲದಲ್ಲಿ ಹತ್ತು ಹನ್ನೆರಡು ಜನ ಕತ್ತರಿ ಹಿಡಿದು ಟಕ್ ಟಕ್ ಟಕ್. ಮಾತೇ ಇಲ್ಲ, ಬರೀ ಕತ್ತರಿ ಸಪ್ಪಳ. ಒಂದು ಕಣ್ಣು ತಪ್ಪಿ ಕತ್ತರಿಸಿದ್ರೆ ಒಂದು ಗೊಂಚಲು ಹೋಯ್ತು. ಹಣ್ಣು ಬರೋದು ಮುಂದಿನ ವರ್ಷ, ಬಿಸಿಲು ಏರೋ ಹೊತ್ತಿಗೆ, ಆಮೇಲೆ ಶೆಡ್ಡಿನಲ್ಲಿ ಒಣಗಿಸಿ ಮಣೂಕ. ರಾಜ್ಯದಲ್ಲೇ ಅತಿ ಹೆಚ್ಚು ದ್ರಾಕ್ಷಿ ಬೆಳೆಯೋದು ನಮ್ಮ ಜಿಲ್ಲೆ, ಅದರಲ್ಲಿ ತಿಕೋಟಾ ಕಡೆಯದು ದೊಡ್ಡ ಪಾಲು. ಬರಗಾಲದ ಜಿಲ್ಲೆ ಅಂತ ಹೆಸರಿದ್ದ ಕಡೆ!

ದೊಡ್ಡವ್ವ ರೊಟ್ಟಿ ಬಡಿಯುತ್ತಾ ಲೆಕ್ಕ ಹೇಳಿದ್ಲು. ನಾಲ್ಕು ಬೋರು ಹಾಕಿಸಿದ್ರು, ಮೂರು ಒಣಗಿದವು. ಒಂದು ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿದ್ರು, ಆ ವರ್ಷ ಮನೆಯಲ್ಲಿ ಜಳಕಕ್ಕೆ ಒಂದು ಕೊಡ, ಬಳ್ಳಿಗೆ ಟ್ಯಾಂಕರು. "ಮಕ್ಕಳಿಗಿಂತ ಬಳ್ಳಿ ಚಂದ ಸಾಕೀನಿ" ಅಂತ ನಕ್ಕಳು. ಈಗ ಕಪ್ಪು ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಇದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ಕೃಷ್ಣೆಯ ನೀರು ಈ ಕಡೆಯ ಕೆರೆಗಳಿಗೆ ಬರೋಕೆ ಶುರುವಾಗಿ ಬಾವಿಗಳೂ ಸ್ವಲ್ಪ ಉಸಿರಾಡ್ತಾವೆ.

ಹೊಂಡದ ಪಕ್ಕ ಡ್ರಿಪ್ಪಿನ ಫಿಲ್ಟರ್ ಇತ್ತು. ನೀರು ಒಂದು ಡ್ರಮ್ಮಿನಲ್ಲಿ ಏರಿ, ಕಸರು ಬಿಟ್ಟು, ಮುಂದೆ ಹೋಗುತ್ತೆ. ಇದು ಗಂಜ್ ಬೇ, ಅಂದೆ. ಅವ್ವನಿಗೆ ತಟ್ಟನೆ ಹೊಳೀತು, ದೊಡ್ಡವ್ವನಿಗೆ ಇಡೀ ಅಫ್ಜಲ್ ಖಾನನ ಪೈಪಿನ ಕಥೆ ಹೇಳಿದ್ಲು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ.

9/11
ತಿಕೋಟಾದಿಂದ ಒಳರಸ್ತೆ ಹಿಡಿದು ಬಬಲೇಶ್ವರಕ್ಕೆ ಬಂದ್ವಿ. ಎರಡೂ ಕಡೆ ಕರಿಮಣ್ಣು, ಹಿಂಗಾರಿ ಬಿತ್ತನೆ ನಡೆದಿತ್ತು. ಬಿಳಿಜೋಳಕ್ಕೆ ಈಗಲೇ ಹದ. ಸೆಪ್ಟೆಂಬರಿನ ಮಳೆಯನ್ನ ಮಣ್ಣು ಹಿಡಿದಿಟ್ಕೊಂಡಿರುತ್ತೆ, ಆ ಹಸಿಯಲ್ಲೇ ಬೆಳೆ ಬರಬೇಕು, ಮತ್ತೆ ಮಳೆ ನಂಬೋ ಹಾಗಿಲ್ಲ. ಬಬಲೇಶ್ವರದಲ್ಲಿ ಚಾ ಕುಡಿದ್ವಿ, ಮಿರ್ಚಿ ತಿಂದ್ವಿ, ಮುಂದೆ ಮಮದಾಪುರ.

ಮಮದಾಪುರ ಅಂದ್ರೆ ಮಹಮ್ಮದಪುರ. ಗುಮ್ಮಟದವನದೇ ಹೆಸರು. ಇಲ್ಲಿ ಅವನು 1633ರಲ್ಲಿ ಕಟ್ಟಿಸಿದ ಕೆರೆ ಇದೆ, 864 ಎಕರೆ. ಬೇಗಂ ತಲಾಬಿನ ಮೂರೂವರೆ ಪಟ್ಟಿಗೂ ಹೆಚ್ಚು! ರಾಜಧಾನಿಯಿಂದ ಇಷ್ಟು ದೂರ, ಯಾವ ರಾಣಿಯ ತೋಟಕ್ಕೂ ಅಲ್ಲ, ಹಳ್ಳಿಗೆ.

ಇಲ್ಲಿ ಒಂದು ತಾರೀಖು ಪಕ್ಕದಲ್ಲಿ ಇಡ್ತೀನಿ. 1630ರಿಂದ 1632ರವರೆಗೆ ಗುಜರಾತ್ ಮತ್ತು ದಖನ್‌ನಲ್ಲಿ ಭಯಂಕರ ಬರ. ಮಳೆ ಬರಲಿಲ್ಲ, ಜನ ಊರೂರೇ ಬಿಟ್ಟು ಹೋದ್ರು, ಸತ್ತವರಿಗೆ ಲೆಕ್ಕ ಇಲ್ಲ. ಮುಂದಿನ ವರ್ಷವೇ 1633. ಬರ ನೋಡಿಯೇ ಕೆರೆ ಕಟ್ಟಿಸಿದ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ಸಾಕ್ಷಿ ಬೇಕು. ಆದ್ರೆ ಎರಡು ತಾರೀಖು ಇಷ್ಟು ಹತ್ರ ಇರೋದನ್ನ ನೋಡಿ ಸುಮ್ಮನೆ ಇರೋಕೂ ಆಗಲ್ಲ.

ಬರಗಳ ಸಾಲೇ ಇದೆ ನಮಗೆ. 1791ರದ್ದನ್ನ ಹಿರಿಯರು ಡೋಗಿ ಬರ ಅಂತಿದ್ರಂತೆ, ಸತ್ತವರ ತಲೆಬುರುಡೆ ಹೊಲದಲ್ಲೆಲ್ಲ ಬಿದ್ದಿದ್ದವು ಅಂತ. 1876ರಿಂದ 78ರ ಬರದಲ್ಲಿ ನಮ್ಮ ಜಿಲ್ಲೆ, ಆಗಿನ್ನೂ ಕಲಾದಗಿ ಜಿಲ್ಲೆ, ಎಷ್ಟು ಕಳ್ಕೊಂಡಿತು ಅಂದ್ರೆ 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಐದರಲ್ಲಿ ಒಂದು ಪಾಲಿನಷ್ಟು ಜನ ಕಡಿಮೆ. ಪರೀಕ್ಷೆಗೆ ನಾವು ಓದೋದು ಯುದ್ಧಗಳ ಇಸವಿ. ಸತ್ತವರು ಹೆಚ್ಚು ಇದ್ದದ್ದು ಈ ಇಸವಿಗಳಲ್ಲಿ.

(ಫೋಟೊ 9: ಕೆರೆಯ ಏರಿ, ಸಂಜೆ ಐದು. ಫಿಲ್ಟರ್ ಹಾಕಿಲ್ಲ.)

10/11
ಇದನ್ನ ಹಾಕ್ಲೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡಿದೆ. ಅವ್ವನನ್ನ ಕೇಳಿದೆ. "ಹಾಕು, ಅದರಾಗ ಏನದ" ಅಂದ್ಲು.

ಏರಿಯ ಮೇಲೆ ಕೂತಿದ್ವಿ. ನೀರು ತುಂಬ ಇತ್ತು, ಕೊಕ್ಕರೆ ಇದ್ದವು. ಅವ್ವ ಕೈ ಚಾಚಿ ನೀರಿನ ನಡುವೆ ಎಲ್ಲೋ ತೋರಿಸಿದ್ಲು. "ಅಲ್ಲಿ ವರ್ತಿ ತೋಡತಿದ್ದಿವಿ."

ವರ್ತಿ ಅಂದ್ರೆ ಒಣ ಹಳ್ಳದಲ್ಲೋ ಕೆರೆಯಂಗಳದಲ್ಲೋ ಕೈಯಿಂದ ತೋಡೋ ತಗ್ಗು, ಅದರಲ್ಲಿ ಮೆಲ್ಲಗೆ ಜಿನುಗೋ ನೀರನ್ನ ಚರಗಿಯಿಂದ ಬಳಿದು ಕೊಡ ತುಂಬಬೇಕು. ಎಂಬತ್ತರ ದಶಕದ ಬರ. ಕೆರೆ ಒಣಗಿ ಬಿರುಕು ಬಿಟ್ಟಿತ್ತು, ಈ ಕಡೆಯಿಂದ ಆ ಕಡೆಗೆ ಸೀದಾ ನಡೆದು ಹೋಗಬಹುದಿತ್ತು. ಊರಿನ ಬಾವಿಯಲ್ಲಿ ಕಸರು ನೀರು. ಅವ್ವ ಏಳನೇತ್ತ. ಮುಂಜಾನೆ ನಾಲ್ಕಕ್ಕೆ ಬಂದು ಪಾಳಿ ಹಚ್ಚಿದ್ರೆ ಒಂದು ಕೊಡ ತುಂಬೋಕೆ ತಾಸು. ಎರಡು ಕೊಡ ಮನೆ ಮುಟ್ಟಿಸೋ ಹೊತ್ತಿಗೆ ಸಾಲಿ ಗಂಟೆ ಹೊಡೆದಾಗಿರ್ತಿತ್ತು. ಮಾಮಾಗಳು ಸಾಲಿಗೆ ಹೋದ್ರು. ದೊಡ್ಡವ್ವನ ಲಗ್ನ ಆಗಿತ್ತು. ಉಳಿದವಳು ಅವ್ವ.

"ತಡಾ ಆದ್ರ ಮಾಸ್ತರ ಹೊರಗ ನಿಂದರಸ್ತಿದ್ರ. ದಿನಾ ಹೊರಗ ನಿಂದ್ರೂದ್ಕಿಂತ ಮನ್ಯಾಗ ಇರೂದ ಪಾಡ ಅನಸ್ತ."

ನಮ್ಮ ಮನೆಯಲ್ಲಿ ಸಣ್ಣಂದಿನಿಂದ ನಾನು ಕೇಳಿದ್ದು, ಅವ್ವನಿಗೆ ಓದು ತಲೆಗೆ ಹತ್ತಲಿಲ್ಲ, ಮನಸ್ಸಿರಲಿಲ್ಲ, ಬಿಟ್ಲು ಅಂತ. ಅಜ್ಜಿ ಹೇಳ್ತಿದ್ಲು, ಅಪ್ಪ ಹೇಳ್ತಿದ್ದ, ಅವ್ವನೂ ಹಾಗೇ ಹೇಳ್ತಿದ್ಲು. ನಾನೂ ಸಿಟ್ಟು ಬಂದಾಗ ಒಂದೆರಡು ಸಲ ಅಂದೀನಿ, ನಿನಗೇನ ಗೊತ್ತಾಗ್ತದ ಬಿಡು ಅಂತ. ಹೋದ ತಿಂಗಳು ಈ ಪ್ರಾಜೆಕ್ಟಿನ ವಿಷಯಕ್ಕೇ ಅಂದಿದ್ದೆ.

ಯಾಕ ಹೇಳಲಿಲ್ಲ ಬೇ ಇಷ್ಟು ದಿನ, ಅಂದೆ.

"ಎಲ್ಲಾರ ಮನ್ಯಾಗೂ ಹಂಗ ಇತ್ತಲ. ಹೇಳೂದ ಏನದ ಅದರಾಗ."

ಅವಳ ಕ್ಲಾಸಿನಲ್ಲಿ ಹನ್ನೊಂದು ಹುಡುಗಿಯರಿದ್ರಂತೆ. ಬೆರಳು ಮಡಚಿ ಎಣಿಸಿದ್ಲು, ಒಬ್ಬೊಬ್ಬರದೂ ಹೆಸರು ಹಿಡಿದು. ಆ ಬರದ ವರ್ಷ ಮುಗಿದಾಗ ಉಳಿದವರು ನಾಲ್ಕು. ಆ ಹೆಸರುಗಳನ್ನ ನನ್ನ ನೋಟ್ ಬುಕ್ಕಿನಲ್ಲಿ ಬರ್ಕೊಂಡೀನಿ, ಇಲ್ಲಿ ಹಾಕಲ್ಲ, ಅವರನ್ನ ಕೇಳಿಲ್ಲ.

ಆಮೇಲೆ ಅವ್ವ ತಾನೇ ಎದ್ದು, ಏರಿಯ ಕಲ್ಲುಗಳನ್ನ ಹಿಡ್ಕೊಂಡು ನೀರಿನವರೆಗೆ ಇಳಿದ್ಲು. ನಾನು ಬಿದ್ದೀಯ ಅಂತ ಕೂಗ್ತಿದ್ದೆ. ದೊಡ್ಡವ್ವನಿಗೆ ವಿಡಿಯೊ ಕಾಲ್ ಹಚ್ಚಿ, ಫೋನು ನೀರಿನ ಕಡೆ ತಿರುಗಿಸಿ, "ನೋಡಿಲ್ಲಿ, ನೋಡಿಲ್ಲಿ ಎಷ್ಟದ" ಅಂದ್ಲು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಬರೀ ಗಾಳಿ ಸಪ್ಪಳ.

11/11
ತವರಿನಲ್ಲಿ ಉಂಡು ವಾಪಸ್ ಹೊರಡೋವಾಗ ರಾತ್ರಿ ಎಂಟು. ಮಾಮಾ ನಾಳೆ ಹೋಗ್ರಿ ಅಂದ, ಅವ್ವ ಕೇಳಲಿಲ್ಲ. ಬಬಲೇಶ್ವರ ದಾಟಿ ಜಮಖಂಡಿ ರಸ್ತೆ ಹಿಡಿದು ಸೀದಾ ಊರು. ಹುಣ್ಣಿಮೆ ಸಮೀಪ ಬಂದಿತ್ತಲ್ಲ, ಹೆಡ್‌ಲೈಟ್ ಇಲ್ಲದಿದ್ರೂ ಹೊಲ ಕಾಣ್ತಿತ್ತು. ಊರು ಹತ್ರ ಬಂದಾಗ ದೂರದಲ್ಲಿ ಗುಮ್ಮಟ ಕಂಡಿತು, ಕರ್ರಗೆ. ನಾನು ಫೋಟೊ ತೆಗೆದೆ, ಅಲುಗಾಡಿ ಏನೂ ಬರಲಿಲ್ಲ. ಅದಕ್ಕೇ ಇಲ್ಲ ಅಂದದ್ದು.

ಪ್ರಾಜೆಕ್ಟಿನ ಹೆಸರು ಬದಲಾಯಿಸಿದ್ದೀನಿ, "ವಿಜಯಪುರದ ನೀರಿನ ಇತಿಹಾಸ, ತೊರವಿಯಿಂದ ಮಮದಾಪುರದವರೆಗೆ". ಸರ್ ಒಪ್ತಾರೋ ಇಲ್ವೋ ನೋಡೋಣ. ನಿಮ್ಮ ಓಣಿಯಲ್ಲಿ ಗಂಜ್ ಇದ್ರೆ, ಹಳೇ ಬಾವಡಿ ಇದ್ರೆ, ಫೋಟೊ ತೆಗೆದು ಜಾಗದ ಹೆಸರು ಸಮೇತ ಮೆಸೇಜ್ ಮಾಡ್ರಿ, ಒಂದು ನಕಾಶೆ ಮಾಡಕತ್ತೀನಿ. ಬಾವಡಿಯಲ್ಲಿ ಇಳೀಬ್ಯಾಡ್ರಿ, ಪಾಚಿ ಇರ್ತದ. ಮನೆಯಲ್ಲಿ ಅಜ್ಜಿ ಇದ್ರೆ ಅವರನ್ನೂ ಕೇಳ್ರಿ, ನೀರು ಎಲ್ಲಿಂದ ತರ್ತಿದ್ರು ಅಂತ. ಅದನ್ನೂ ಕಳಿಸ್ರಿ.

ಕೊನೇ ಫೋಟೊ ಏನು ಅಂತ ಕೇಳ್ತೀರಿ ಅಂತ ಗೊತ್ತು. ತವರಿನ ಟ್ರಂಕಿನಲ್ಲಿ, ಹಳೇ ಸೀರೆಗಳ ಕೆಳಗೆ ಸಿಕ್ಕದ್ದು. ಅವ್ವನ ಆರನೇತ್ತಿನ ಪ್ರಗತಿ ಪತ್ರ. ಮೂಲೆ ಗೆದ್ದಲು ತಿಂದಿದೆ, ಹೆಸರನ್ನ ಬೆರಳಿನಿಂದ ಮುಚ್ಚೀನಿ. ಸಮಾಜ ವಿಜ್ಞಾನದ ಸಾಲು ನೋಡ್ರಿ: ನೂರಕ್ಕೆ 81. ನನ್ನದು ಹೋದ ವರ್ಷ 74 ಬಂದಿತ್ತು.